ಹಳೇ ಟೀವಿ ವೆಸ್ಟರ್ನ್‌ಗಳನ್ನು ನೋಡುವುದು ಹೇಗೆ? ಹೊಸಬರಿಗೆ ಒಂದು ಸಮಗ್ರ ಮಾರ್ಗದರ್ಶಿ

ಅಪ್ಪ-ಅಮ್ಮ ಆರು ತಿಂಗಳಿಗೆ ಅಂತ ಓಹಾಯೋದ ನಮ್ಮ ಮನೆಗೆ ಬಂದಿದ್ದರು. ಡಿಸೆಂಬರ್ ಹೊತ್ತಿಗೆ ಹೊರಗೆ ಕಾಲಿಡೋಕೂ ಆಗದಷ್ಟು ಚಳಿ. ನಾವು ಕೆಲಸಕ್ಕೆ ಹೋದ ಮೇಲೆ ಅಪ್ಪ ಟೀವಿ ಮುಂದೆ ಕೂರುತ್ತಿದ್ದರು. ಒಂದು ಮಧ್ಯಾಹ್ನ ಬೇಗ ಮನೆಗೆ ಬಂದೆ. ಮೀ ಟೀವಿ ಚಾನೆಲ್‌ನಲ್ಲಿ ಕಪ್ಪು-ಬಿಳುಪಿನ ಯಾವುದೋ ಕಥೆ ಬರುತ್ತಿತ್ತು. ಒಬ್ಬ ಮುದುಕ ಡಾಕ್ಟರು ಮೂಗಿನ ಕೆಳಗೆ ಕೈ ಉಜ್ಜಿಕೊಳ್ಳುತ್ತಾ ಗಡ್ಡದವನೊಬ್ಬನನ್ನು ಬೈಯುತ್ತಿದ್ದರು. ಅಪ್ಪ ನಗುತ್ತಿದ್ದರು.

ಅಪ್ಪನಿಗೆ ಇಂಗ್ಲಿಷ್ ಓದೋಕೆ ಬರುತ್ತದೆ. ಅಮೆರಿಕದವರು ಮಾತಾಡಿದರೆ ಮಾತ್ರ ಕಿವಿಗೆ ಹತ್ತುವುದಿಲ್ಲ. ಆದರೂ ಅವತ್ತು ನನಗೆ ಕಥೆ ವಿವರಿಸಿದವರು ಅವರೇ. "ಈ ಡಾಕ್ಟ್ರು ಬಾಯಿ ಜೋರು, ಮನಸ್ಸು ಮೆತ್ತಗೆ. ಆ ಗಡ್ಡದೋನು ಬೈಸಿಕೊಳ್ಳೋಕೇ ಬರ್ತಾನೆ. ಇನ್ನು ಆ ಉದ್ದನೆಯ ಪೊಲೀಸಪ್ಪ ಇದಾನಲ್ಲ, ಅವನಿಗೆ ಬಂದೂಕು ತೆಗೆಯೋದು ಒಂಚೂರೂ ಇಷ್ಟ ಇಲ್ಲ ಕಣೋ."

ಅದು ಗನ್‌ಸ್ಮೋಕ್. ಇಪ್ಪತ್ತು ವರ್ಷ ಓಡಿದ ಸೀರಿಯಲ್. ಅಪ್ಪ ಒಂದು ವಾರದಲ್ಲಿ ಹಿಡಿದದ್ದು ನನಗೆ ಅಮೆರಿಕದಲ್ಲಿದ್ದ ಹತ್ತು ವರ್ಷದಲ್ಲಿ ಹೊಳೆದಿರಲಿಲ್ಲ. ವೆಸ್ಟರ್ನ್, ಅಂದರೆ ಅಮೆರಿಕದ ಪಶ್ಚಿಮ ಸೀಮೆಯ ಕೌಬಾಯ್ ಕಥೆ, ಬರೀ ಢಂ ಢಂ ಗುಂಡಿನ ಸದ್ದು ಅಂತ ಅಂದುಕೊಂಡಿದ್ದೆ. ಇವುಗಳ ಜೀವ ಇರುವುದು ಗುಂಡು ಹಾರುವುದಕ್ಕೆ ಮೊದಲಿನ ಹೊತ್ತಿನಲ್ಲಿ. ಹಾರಿಸಬೇಕೋ ಬೇಡವೋ ಅಂತ ಒಬ್ಬ ಮನುಷ್ಯ ಯೋಚಿಸುತ್ತಾ ನಿಲ್ಲುತ್ತಾನಲ್ಲ, ಅಲ್ಲಿ. ಅದನ್ನು ಹಿಡಿದುಕೊಂಡು ನೋಡುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಹೆಜ್ಜೆ 1: ಎರಡು ಕಾಲಗಳನ್ನು ಬೇರೆ ಬೇರೆ ಮಾಡಿಕೊಳ್ಳಿ

ಕಥೆ ನಡೆಯುವ ಕಾಲ ಒಂದು, ಕಥೆ ಚಿತ್ರೀಕರಣವಾದ ಕಾಲ ಇನ್ನೊಂದು. ಇವೆರಡೂ ತಲೆಯಲ್ಲಿ ಇದ್ದರೆ ಅರ್ಧ ಗೊಂದಲ ಹೋಗುತ್ತದೆ.

ಹೆಚ್ಚಿನ ಕಥೆಗಳು ನಡೆಯುವುದು 1865ರಲ್ಲಿ ಅಮೆರಿಕದ ಅಂತರ್ಯುದ್ಧ ಮುಗಿದ ಮೇಲಿನ ಇಪ್ಪತ್ತೈದು ವರ್ಷಗಳಲ್ಲಿ. ಆಗ ಟೆಕ್ಸಾಸ್‌ನಲ್ಲಿ ದನಗಳು ಲಕ್ಷಗಟ್ಟಲೆ ಇದ್ದವು, ಕೊಳ್ಳುವವರು ಇರಲಿಲ್ಲ. ಕೊಳ್ಳುವವರು ಪೂರ್ವದ ಊರುಗಳಲ್ಲಿದ್ದರು. ರೈಲು ಕ್ಯಾನ್ಸಸ್‌ವರೆಗೆ ಬಂತು. ಹಾಗಾಗಿ ದನಗಳನ್ನು ನೂರಾರು ಮೈಲಿ ನಡೆಸಿಕೊಂಡು ಹೋಗಿ ರೈಲಿಗೆ ಹತ್ತಿಸುವ ಕೆಲಸ ಶುರುವಾಯಿತು. ಕೌಬಾಯ್ ಅಂದರೆ ಈ ಕೆಲಸದ ಕೂಲಿಯವನು. ನಮ್ಮ ಮಾತಿನಲ್ಲಿ ದನಗಾಹಿ, ಅಷ್ಟೇ. 1874ರಲ್ಲಿ ಜೋಸೆಫ್ ಗ್ಲಿಡನ್ ಎಂಬ ರೈತ ತನ್ನ ಮುಳ್ಳುತಂತಿಗೆ ಪೇಟೆಂಟ್ ಪಡೆದ. ಬಯಲಿಗೆ ಬೇಲಿ ಬಿತ್ತು, ರೈಲು ಇನ್ನೂ ಒಳಗೆ ಬಂತು, ದನ ನಡೆಸುವ ಕಾಲ ಮುಗಿಯಿತು.

ಟೀವಿಯ ಕಾಲ ಸುಮಾರು 1955ರಿಂದ 1975. 1958-59ರ ಸೀಸನ್‌ನಲ್ಲಿ ಅಮೆರಿಕದಲ್ಲಿ ಜನ ಅತಿ ಹೆಚ್ಚು ನೋಡಿದ ಹತ್ತು ಕಾರ್ಯಕ್ರಮಗಳಲ್ಲಿ ಏಳು ವೆಸ್ಟರ್ನ್‌ಗಳೇ ಇದ್ದವು. ಗನ್‌ಸ್ಮೋಕ್ ಕಥೆ ನಡೆಯುವ ಡಾಡ್ಜ್ ಸಿಟಿ ಕ್ಯಾನ್ಸಸ್‌ನಲ್ಲಿರುವ ನಿಜವಾದ ಊರು. ಅಲ್ಲಿ ದನದ ವ್ಯಾಪಾರದ ಅಬ್ಬರ ಇದ್ದದ್ದು ಸುಮಾರು ಹತ್ತು ವರ್ಷ, 1885ರವರೆಗೆ. ಟೀವಿಯ ಡಾಡ್ಜ್ ಸಿಟಿ ಅದರ ಎರಡರಷ್ಟು ಕಾಲ ಬಾಳಿತು.

ಹೆಜ್ಜೆ 2: ಟೀವಿ ಸರಿಮಾಡಿಕೊಳ್ಳಿ

ಚಿಕ್ಕ ಕೆಲಸ, ಆದರೆ ಬಿಡಬೇಡಿ. ಇವು ಚೌಕಕ್ಕೆ ಹತ್ತಿರದ 4:3 ಪರದೆಗೆ ಮಾಡಿದ ಚಿತ್ರಗಳು. ಈಗಿನ ಅಗಲ ಟೀವಿಗಳು ಅದನ್ನು ಎಳೆದು ತುಂಬಿಸಲು ನೋಡುತ್ತವೆ. ಆಗ ಎಲ್ಲರೂ ಗುಂಡಗೆ ಊದಿಕೊಂಡ ಹಾಗೆ ಕಾಣುತ್ತಾರೆ, ಇಲ್ಲವೇ ಟೋಪಿ, ಗದ್ದ ಕತ್ತರಿಸಿ ಹೋಗುತ್ತದೆ. ಸೆಟ್ಟಿಂಗ್‌ಗೆ ಹೋಗಿ ಪಿಕ್ಚರ್ ಸೈಜನ್ನು 4:3 ಮಾಡಿ. ಎರಡು ಬದಿಗೂ ಕಪ್ಪು ಪಟ್ಟಿ ಬರುತ್ತದೆ, ಬರಲಿ. ಕಪ್ಪು-ಬಿಳುಪಿಗೆ ಆಮೇಲೆ ಬಣ್ಣ ಹಚ್ಚಿದ ಪ್ರತಿ ಸಿಕ್ಕರೆ ಬೇಡ, ಮೂಲವನ್ನೇ ನೋಡಿ.

ಇಂಗ್ಲಿಷ್ ಸಬ್‌ಟೈಟಲ್ ಹಾಕಿಕೊಳ್ಳಿ. ಹಳ್ಳಿ ಕಡೆಯ ಎಳೆದಾಡುವ ಮಾತು ಎಂಥವರಿಗೂ ಮೊದಮೊದಲು ಕಷ್ಟ. ಅದಕ್ಕಿಂತ ಮುಖ್ಯ, ಫೋನನ್ನು ಬೇರೆ ಕೋಣೆಯಲ್ಲಿಡಿ. ಈ ಕಥೆಗಳಲ್ಲಿ ಎಷ್ಟೋ ಸಂಗತಿಗಳು ಮಾತಿಲ್ಲದೆ ನಡೆದುಹೋಗುತ್ತವೆ.

ಎಲ್ಲಿ ಸಿಗುತ್ತವೆ? ಅಮೆರಿಕದಲ್ಲಿರುವವರಿಗೆ ಹಳೆಯ ಕಾರ್ಯಕ್ರಮಗಳದ್ದೇ ಚಾನೆಲ್‌ಗಳಿವೆ, ಮೀ ಟೀವಿ ಅವುಗಳಲ್ಲೊಂದು. ಸುಮಾರು ಸರಣಿಗಳು ಡಿವಿಡಿಯಲ್ಲಿ ಬಂದಿವೆ. ನಿಮ್ಮ ಹತ್ತಿರದ ಲೈಬ್ರರಿಯಲ್ಲಿ ಒಮ್ಮೆ ಕೇಳಿ ನೋಡಿ. ಊರಲ್ಲಿ, ಅಂದರೆ ಭಾರತದಲ್ಲಿ ಇರುವವರು ಯೂಟ್ಯೂಬ್‌ನಲ್ಲಿ ಹುಡುಕಬಹುದು. ಬೊನಾಂಜಾ ಎಂಬ ಇನ್ನೊಂದು ವೆಸ್ಟರ್ನ್ ಸರಣಿಯ ಕೆಲವು ಹಳೆಯ ಎಪಿಸೋಡ್‌ಗಳ ಹಕ್ಕು ಈಗ ಯಾರ ಕೈಯಲ್ಲೂ ಇಲ್ಲ, ಹಾಗಾಗಿ ಅವು ಸುಲಭವಾಗಿ ಸಿಗುತ್ತವೆ.

ಹೆಜ್ಜೆ 3: ಅರ್ಧ ಗಂಟೆಯ ಗನ್‌ಸ್ಮೋಕ್‌ನಿಂದ ಶುರು ಮಾಡಿ

ಬೊನಾಂಜಾದಿಂದ ಶುರು ಮಾಡಿ ಅಂತ ಎಷ್ಟೋ ಜನ ಹೇಳುತ್ತಾರೆ. ನಾನು ಹೇಳಲ್ಲ. ಗನ್‌ಸ್ಮೋಕ್‌ನ ಮೊದಲ ಆರು ಸೀಸನ್, 1955ರಿಂದ 1961ರವರೆಗಿನವು, ಒಂದೊಂದೂ ಅರ್ಧ ಗಂಟೆಯ ಕಥೆಗಳು. ಜಾಹೀರಾತು ತೆಗೆದರೆ ಇಪ್ಪತ್ತೈದು-ಇಪ್ಪತ್ತಾರು ನಿಮಿಷ. ಅಷ್ಟರಲ್ಲಿ ಒಬ್ಬ ಅಪರಿಚಿತ ಊರಿಗೆ ಬರುತ್ತಾನೆ, ಏನೋ ಕೆಡುತ್ತದೆ, ಯಾರೋ ಒಂದು ತೀರ್ಮಾನಕ್ಕೆ ಬರಬೇಕಾಗುತ್ತದೆ. ಒಂದು ಮಾತೂ ಜಾಸ್ತಿ ಇರುವುದಿಲ್ಲ. 1961ರಿಂದ ಒಂದು ಗಂಟೆಯಾಯಿತು, 1966ರಿಂದ ಬಣ್ಣ ಬಂತು. ಅವೂ ಚೆನ್ನಾಗಿವೆ. ಆದರೆ ಬಿಗಿ ಇರುವುದು ಮೊದಲಿನವುಗಳಲ್ಲೇ.

ಈ ಬಿಗಿ ರೇಡಿಯೋದಿಂದ ಬಂದದ್ದು. ಗನ್‌ಸ್ಮೋಕ್ ಹುಟ್ಟಿದ್ದು 1952ರಲ್ಲಿ, ರೇಡಿಯೋ ನಾಟಕವಾಗಿ. ನಾರ್ಮನ್ ಮ್ಯಾಕ್‌ಡಾನೆಲ್ ಮತ್ತು ಬರಹಗಾರ ಜಾನ್ ಮೆಸ್ಟನ್ ಸೇರಿ ಕಟ್ಟಿದರು. ಮಕ್ಕಳಿಗೆ ಅಂತ ಅಲ್ಲ, ದೊಡ್ಡವರಿಗೆ ಅಂತಲೇ ಮಾಡಿದ ವೆಸ್ಟರ್ನ್ ಅದು. ಟೀವಿಗೆ ಬಂದಾಗ ಆ ರೇಡಿಯೋ ಕಥೆಗಳೇ ಎಷ್ಟೋ ಮತ್ತೆ ಬಂದವು. ಒಂದು ಎಪಿಸೋಡನ್ನು ಐದು ನಿಮಿಷ ಕಣ್ಣು ಮುಚ್ಚಿ ಕೇಳಿ ನೋಡಿ. ಮರದ ಹಲಗೆ ಮೇಲೆ ಬೂಟಿನ ಸದ್ದು, ಬಾಗಿಲು ಕಿರುಗುಟ್ಟುವುದು, ಆಮೇಲೆ ಒಂದು ಮಾತು. ಚಿತ್ರ ಇಲ್ಲದೆಯೂ ಕಥೆ ನಿಲ್ಲುತ್ತದೆ.

ಮೊದಲ ಎಪಿಸೋಡಿಗೇ ಹೋಗಿ. 1955ರ ಸೆಪ್ಟೆಂಬರ್ 10ರಂದು ಪ್ರಸಾರವಾದದ್ದು. ಶುರುವಿಗೆ ವೆಸ್ಟರ್ನ್ ಸಿನಿಮಾಗಳ ದೊಡ್ಡ ತಾರೆ ಜಾನ್ ವೇನ್ ಬಂದು, ಆಗ ಯಾರಿಗೂ ಅಷ್ಟಾಗಿ ಗೊತ್ತಿರದ ಜೇಮ್ಸ್ ಅರ್ನೆಸ್‌ನನ್ನು ಜನರಿಗೆ ಪರಿಚಯಿಸುತ್ತಾರೆ. ಅರ್ನೆಸ್ ಆರೂವರೆ ಅಡಿಗೂ ಎತ್ತರದ ಆಳು. ಎರಡನೇ ಮಹಾಯುದ್ಧದಲ್ಲಿ ಇಟಲಿಯಲ್ಲಿ ಕಾಲಿಗೆ ಗುಂಡು ತಿಂದು ಬಂದವನು. ಅವನೇ ಮಾರ್ಷಲ್ ಮ್ಯಾಟ್ ಡಿಲನ್, ಅಪ್ಪ ಹೇಳಿದ ಪೊಲೀಸಪ್ಪ.

ಈಗ ಕಥೆ ನೋಡಿ. ಡ್ಯಾನ್ ಗ್ರ್ಯಾಟ್ ಎಂಬ ಬಂದೂಕುಗಾರ ಡಾಡ್ಜ್‌ಗೆ ಬರುತ್ತಾನೆ. ಮಿಂಚಿನ ಕೈ. ಡಿಲನ್ ಅವನೆದುರು ನಿಲ್ಲುತ್ತಾನೆ, ಸೋಲುತ್ತಾನೆ. ಹೌದು, ಇಪ್ಪತ್ತು ವರ್ಷ ಓಡಲಿರುವ ಸೀರಿಯಲ್‌ನ ನಾಯಕ ಮೊದಲ ಎಪಿಸೋಡಿನಲ್ಲೇ ಗುಂಡು ತಿಂದು ನೆಲಕ್ಕೆ ಬೀಳುತ್ತಾನೆ. ಡಾಕ್ಟರ ಹತ್ತಿರ ಮಲಗಿ ಚೇತರಿಸಿಕೊಳ್ಳುವಾಗ ಯೋಚಿಸುತ್ತಾನೆ. ಆ ಗ್ರ್ಯಾಟ್ ಯಾವಾಗಲೂ ಎದುರಾಳಿಯ ಹತ್ತಿರಕ್ಕೆ ಬಂದೇ ಹೊಡೆಯುತ್ತಾನೆ. ಕೈ ವೇಗ ನಿಜ, ಆದರೆ ದೂರದಿಂದ ಗುರಿ ಇಲ್ಲ. ಎರಡನೇ ಸಲ ಡಿಲನ್ ದೂರ ಬಿಟ್ಟುಕೊಡುವುದಿಲ್ಲ. ಅವನು ಹತ್ತಿರ ಬರದ ಹಾಗೆ ನೋಡಿಕೊಳ್ಳುತ್ತಾನೆ. ಅಷ್ಟರಲ್ಲೇ ಗೆಲ್ಲುತ್ತಾನೆ.

ಇಲ್ಲಿ ಗೆದ್ದದ್ದು ಅವನ ಕೈಯಲ್ಲ. ಕಣ್ಣು ಮತ್ತು ತಾಳ್ಮೆ. ಮೊದಲ ದಿನವೇ ಸೀರಿಯಲ್ ತನ್ನ ಗುಟ್ಟು ಹೇಳಿಬಿಟ್ಟಿದೆ.

ಆ ಎಪಿಸೋಡ್ ಆದ ಮೇಲೆ ಮೊದಲ ಸೀಸನ್‌ನಲ್ಲಿ ಇನ್ನೊಂದು ಹತ್ತು ನೋಡಿ. ದಿನಕ್ಕೆ ಒಂದು, ಜಾಸ್ತಿ ಬೇಡ. ಜನ ಇವನ್ನು ವಾರಕ್ಕೊಂದು ನೋಡುತ್ತಿದ್ದರು. ಒಂದೇ ಸಲ ಕೂತು ಐದು ನೋಡಿದರೆ ಎಲ್ಲವೂ ಒಂದೇ ಥರ ಅನಿಸಿ ರುಚಿ ಕೆಡುತ್ತದೆ. ಊಟ ಆದ ಮೇಲೆ ಒಂದು, ಅಷ್ಟು ಸಾಕು.

ಹೆಜ್ಜೆ 4: ಕಥೆ ಬಿಟ್ಟು ಮನುಷ್ಯರ ಹಿಂದೆ ಹೋಗಿ

ನೋಡುವವರು ವಾರ ವಾರ ವಾಪಸ್ ಬಂದದ್ದು ಯಾರು ಯಾರನ್ನು ಹೊಡೆದರು ಅಂತ ತಿಳಿಯೋಕಲ್ಲ. ನಾಲ್ಕು ಜನ ಒಂದು ಮೇಜಿನ ಸುತ್ತ ಕೂರುವುದನ್ನು ನೋಡೋಕೆ.

ಡಾಕ್ಟರ್ ಆಡಮ್ಸ್ ಆಗಿ ಮಿಲ್ಬರ್ನ್ ಸ್ಟೋನ್. ಲಾಂಗ್ ಬ್ರ್ಯಾಂಚ್ ಎಂಬ ಸಲೂನ್, ಅಂದರೆ ಹೆಂಡದಂಗಡಿ, ನಡೆಸುವ ಕಿಟ್ಟಿಯಾಗಿ ಅಮಾಂಡಾ ಬ್ಲೇಕ್. ಶುರುವಿನ ವರ್ಷಗಳಲ್ಲಿ ಕಾಲೆಳೆದು ನಡೆಯುವ ಚೆಸ್ಟರ್ ಆಗಿ ಡೆನಿಸ್ ವೀವರ್. 1964ರಲ್ಲಿ ಅವನು ಹೋದ ಮೇಲೆ ಗಡ್ಡದ ಫೆಸ್ಟಸ್ ಆಗಿ ಕೆನ್ ಕರ್ಟಿಸ್. ಡಾಕ್ಟರು-ಫೆಸ್ಟಸ್ ಜಗಳ ಮುಗಿಯುವುದೇ ಇಲ್ಲ. ಒಬ್ಬರನ್ನೊಬ್ಬರು ಬಿಟ್ಟು ಇರುವುದೂ ಇಲ್ಲ. ಅಪ್ಪನಿಗೆ ತುಂಬಾ ಹಿಡಿಸಿದ್ದು ಇದೇ. ಇಂಗ್ಲಿಷ್ ಅರ್ಥವಾಗದಿದ್ದರೂ ಫೆಸ್ಟಸ್ ಒಂದು ಕಣ್ಣು ಕಿರಿದು ಮಾಡಿದ ಕೂಡಲೇ "ನೋಡು, ಈಗ ಬೈಸ್ಕೋತಾನೆ" ಅನ್ನುತ್ತಿದ್ದರು. ಡಾಕ್ಟರು ಬೈಯುತ್ತಿದ್ದರು.

ಮ್ಯಾಟ್-ಕಿಟ್ಟಿ ನಡುವಿನದ್ದು ಇನ್ನೂ ಸೂಕ್ಷ್ಮ. ಹತ್ತೊಂಬತ್ತು ಸೀಸನ್ ಒಟ್ಟಿಗೆ ಇದ್ದರೂ ಅವರಿಬ್ಬರ ನಡುವೆ ಏನಿದೆ ಅಂತ ಸೀರಿಯಲ್ ಬಾಯಿಬಿಟ್ಟು ಹೇಳುವುದಿಲ್ಲ. ಅವನು ಊರ ಹೊರಗೆ ಹೊರಟಾಗ ಅವಳು ಏನೂ ಅನ್ನುವುದಿಲ್ಲ, ಬಾಗಿಲ ತನಕ ಬರುತ್ತಾಳೆ. ಆ ಬಾಗಿಲನ್ನು ಗಮನಿಸುತ್ತಿರಿ.

ಇದಕ್ಕೊಂದು ಅಭ್ಯಾಸ ಹೇಳುತ್ತೇನೆ. ಒಂದು ಎಪಿಸೋಡನ್ನು ಎರಡು ಸಲ ನೋಡಿ. ಮೊದಲ ಸಲ ಕಥೆಗೆ. ಎರಡನೇ ಸಲ, ಮಾತಾಡುತ್ತಿರುವವರನ್ನು ಬಿಟ್ಟು ಕೇಳಿಸಿಕೊಳ್ಳುತ್ತಿರುವವರ ಮುಖ ನೋಡಿ. ಆಗಿನ ಟೀವಿ ಪರದೆ ಪುಟ್ಟದು. ಅದರಲ್ಲಿ ದೊಡ್ಡ ಬಯಲು, ಬೆಟ್ಟ ತೋರಿಸಿದರೆ ಏನೂ ಕಾಣುತ್ತಿರಲಿಲ್ಲ. ಕ್ಯಾಮೆರಾ ಮುಖದ ಹತ್ತಿರ ಹೋಗಲೇಬೇಕಿತ್ತು. ಥಿಯೇಟರಿನ ವೆಸ್ಟರ್ನ್ ನೆಲದ ಕಥೆಯಾದರೆ ಟೀವಿಯ ವೆಸ್ಟರ್ನ್ ಮುಖದ ಕಥೆಯಾದದ್ದು ಹೀಗೆ. ಹಣ ಕಡಿಮೆ ಅಂತ ಅದೇ ಬೀದಿ, ಅದೇ ಸಲೂನನ್ನು ಮತ್ತೆ ಮತ್ತೆ ಬಳಸಿದರು. ನೋಡುವವರಿಗೆ ಅದು ಸ್ವಂತ ಊರಿನ ಬೀದಿ ಥರ ಆಗಿಹೋಯಿತು. ಕಾರಣ ಹಣದ್ದು, ಫಲ ಮಾತ್ರ ಬೇರೆಯದೇ ಬಂತು.

ಹೆಜ್ಜೆ 5: ನಿಮ್ಮ ಮನಸ್ಸಿಗೆ ಒಪ್ಪುವ ಎರಡನೇ ಸರಣಿ ಆರಿಸಿಕೊಳ್ಳಿ

ಗನ್‌ಸ್ಮೋಕ್ ಹತ್ತು ಎಪಿಸೋಡ್ ಆದ ಮೇಲೆ ನಿಮಗೇ ಒಂದು ಅಂದಾಜು ಸಿಕ್ಕಿರುತ್ತದೆ.

ಮನೆಯಲ್ಲಿ ಮಕ್ಕಳಿದ್ದರೆ ದಿ ರೈಫಲ್‌ಮ್ಯಾನ್. 1958ರಿಂದ 1963, 168 ಎಪಿಸೋಡ್, ಎಲ್ಲವೂ ಅರ್ಧ ಗಂಟೆಯವು. ಹೆಂಡತಿಯನ್ನು ಕಳೆದುಕೊಂಡ ಲೂಕಸ್ ಮೆಕೇನ್ ತನ್ನ ಪುಟ್ಟ ಮಗ ಮಾರ್ಕ್‌ನ ಜೊತೆ ನ್ಯೂ ಮೆಕ್ಸಿಕೋದ ನಾರ್ತ್ ಫೋರ್ಕ್ ಎಂಬ ಊರಿಗೆ ಬಂದು ಬೇರೂರುವ ಕಥೆ. ಲೂಕಸ್ ಆದದ್ದು ಚಕ್ ಕಾನರ್ಸ್, ವೃತ್ತಿಪರ ಬೇಸ್‌ಬಾಲ್, ಬ್ಯಾಸ್ಕೆಟ್‌ಬಾಲ್ ಎರಡನ್ನೂ ಆಡಿ ಬಂದವನು. ಮಗನಾಗಿ ಜಾನಿ ಕ್ರಾಫರ್ಡ್.

ಇದರ ಮೊದಲ ಕಥೆಯನ್ನು ಬರೆದದ್ದು ಮುಂದೆ ಸಿನಿಮಾ ನಿರ್ದೇಶಕನಾಗಿ ಹೆಸರು ಮಾಡಿದ ಸ್ಯಾಮ್ ಪೆಕಿನ್‌ಪಾ. ಊರಲ್ಲಿ ಗುರಿ ಹೊಡೆಯುವ ಪಂದ್ಯ. ಗೆದ್ದರೆ ಬರುವ ದುಡ್ಡಿನಲ್ಲಿ ಜಮೀನು ಕೊಳ್ಳಬಹುದು. ಲೂಕಸ್‌ಗೆ ಗೆಲ್ಲುವುದು ನೀರು ಕುಡಿದಷ್ಟು ಸುಲಭ. ಆದರೆ ಊರಿನ ದಣಿಯ ಕಡೆಯವರು ಮಗನ ಜೀವಕ್ಕೆ ಬೆದರಿಕೆ ಹಾಕುತ್ತಾರೆ. ಲೂಕಸ್ ಬೇಕಂತಲೇ ಸೋಲುತ್ತಾನೆ. ಅಪ್ಪ ಎಲ್ಲರಿಗಿಂತ ದೊಡ್ಡ ಗುರಿಕಾರ ಅಂತ ನಂಬಿದ ಮಗ ಅಲ್ಲೇ ನಿಂತು ಅದನ್ನು ನೋಡುತ್ತಾನೆ. ನನ್ನ ಮಗಳು, ಆಗ ಒಂಬತ್ತು ವರ್ಷ, ಆ ಜಾಗದಲ್ಲಿ ಟೀವಿ ನಿಲ್ಲಿಸಿ ಕೇಳಿದಳು, "ಅವನು ಮಗನಿಗೆ ನಿಜ ಯಾಕೆ ಹೇಳಲ್ಲ?" ಅರ್ಧ ಗಂಟೆ ಮಾತಾಡಿದೆವು. ಮಕ್ಕಳ ಜೊತೆ ನೋಡುವಾಗ ಹೀಗೆ ನಿಲ್ಲಿಸಿದರೆ ಬೇಸರ ಮಾಡಿಕೊಳ್ಳಬೇಡಿ. ಎಪಿಸೋಡ್ ನಾಳೆಯೂ ಇರುತ್ತದೆ.

ಮಾತು, ಬುದ್ಧಿ ಇಷ್ಟಪಡುವವರಿಗೆ ಹ್ಯಾವ್ ಗನ್ ವಿಲ್ ಟ್ರಾವೆಲ್, 1957ರಿಂದ 1963. ರಿಚರ್ಡ್ ಬೂನ್ ಆಡುವ ಪಲಡಿನ್ ಸ್ಯಾನ್ ಫ್ರಾನ್ಸಿಸ್ಕೋದ ಹೋಟೆಲ್‌ನಲ್ಲಿ ಒಳ್ಳೆ ಬಟ್ಟೆ ಹಾಕಿ ಬದುಕುವವನು. ನಾಟಕ, ಕವಿತೆ ಬಾಯಿಗೆ ಬರುತ್ತದೆ. ದುಡ್ಡಿಗೆ ಬಂದೂಕು ಹಿಡಿಯುವ ಕೆಲಸ ಬಂದರೆ ಕಪ್ಪು ಉಡುಪು ತೊಟ್ಟು ಹೊರಡುತ್ತಾನೆ. ಅವನ ಕಾರ್ಡಿನ ಮೇಲೆ ಚದುರಂಗದ ಕುದುರೆಯ ಚಿತ್ರ. ಆಗಿನ ರೂಢಿಯಲ್ಲಿ ಕಪ್ಪು ಬಟ್ಟೆ ಖಳನದ್ದು. ಇಲ್ಲಿ ಅದನ್ನು ನಾಯಕನಿಗೇ ಹಾಕಿದ್ದಾರೆ. ದುಡ್ಡು ತೆಗೆದುಕೊಂಡು ಹೋದವನು ದುಡ್ಡು ಕೊಟ್ಟವನದ್ದೇ ತಪ್ಪು ಅಂತ ಕಂಡರೆ ಅವನ ವಿರುದ್ಧವೇ ನಿಲ್ಲುತ್ತಾನೆ. ಇದರ ಎರಡು ಡಜನ್ ಕಥೆಗಳನ್ನು ಬರೆದದ್ದು ಜೀನ್ ರಾಡನ್‌ಬೆರಿ. ಮುಂದೆ ಸ್ಟಾರ್ ಟ್ರೆಕ್ ಎಂಬ ಅಂತರಿಕ್ಷದ ಸೀರಿಯಲ್ ಮಾಡಿದವರು. ಅದನ್ನು ಚಾನೆಲ್‌ನವರಿಗೆ ಒಪ್ಪಿಸುವಾಗ ವ್ಯಾಗನ್ ಟ್ರೈನ್ ಎಂಬ ವೆಸ್ಟರ್ನ್ ಸೀರಿಯಲ್ಲನ್ನೇ ನಕ್ಷತ್ರಗಳಿಗೆ ಒಯ್ದ ಹಾಗೆ ಅಂತ ವಿವರಿಸಿದ್ದರು.

ದನ, ಧೂಳು, ದಾರಿ ಬೇಕು ಅನ್ನುವವರಿಗೆ ರಾಹೈಡ್. 1959ರಿಂದ 1965. ಕಥೆ ಒಂದು ಊರಲ್ಲಿ ನಿಲ್ಲುವುದಿಲ್ಲ, ದನದ ಹಿಂಡಿನ ಜೊತೆ ನಡೆಯುತ್ತದೆ. ನಮ್ಮದು ಅಜ್ಜಂಪುರದ ಕಡೆ, ಅಮೃತಮಹಲ್ ಕಾವಲುಗಳಿರುವ ಸೀಮೆ. ಅಪ್ಪ ಚಿಕ್ಕವರಿದ್ದಾಗ ಆ ದನಗಳನ್ನು ಹತ್ತಿರದಿಂದ ಕಂಡವರು. ರಾಹೈಡ್ ಹಾಕಿದ ದಿನ ಅವರು ನಾಯಕನ ಮುಖ ನೋಡಲಿಲ್ಲ, ಕೊಂಬು ನೋಡಿದರು. ಆಮೇಲೆ ಹಿಂಡಿನ ಹಿಂದೆ ಮೂಗಿಗೆ ಬಟ್ಟೆ ಕಟ್ಟಿಕೊಂಡು ಬರುತ್ತಿದ್ದವನನ್ನು ತೋರಿಸಿ, "ಪಾಪ, ಅವನು ಹೊಸಬ ಇರಬೇಕು, ಧೂಳು ಕುಡಿಯೋ ಜಾಗಕ್ಕೆ ಹಾಕಿದ್ದಾರೆ" ಅಂದರು. ಸರಿಯಾಗೇ ಹೇಳಿದ್ದರು. ಹಿಂಡಿನ ಹಿಂಭಾಗ ಕಾಯುವುದು ಎಲ್ಲರಿಗೂ ಬೇಡವಾದ ಕೆಲಸ, ಹೆಚ್ಚಾಗಿ ಹೊಸಬರ ಪಾಲು. ಮುಂದೆ ದಾರಿ ಹಿಡಿದು ಹೋಗುವವರು ಅನುಭವಸ್ಥರು.

ರಾಹೈಡ್‌ನಲ್ಲಿ ರೌಡಿ ಯೇಟ್ಸ್ ಎಂಬ ಹುಡುಗನ ಪಾತ್ರ ಮಾಡಿದವನು ಕ್ಲಿಂಟ್ ಈಸ್ಟ್‌ವುಡ್. ಸೀರಿಯಲ್ ಇನ್ನೂ ನಡೆಯುತ್ತಿದ್ದಾಗಲೇ ಸ್ಪೇನ್‌ಗೆ ಹೋಗಿ ಇಟಲಿಯ ನಿರ್ದೇಶಕ ಸೆರ್ಜಿಯೋ ಲಿಯೋನೆಯ ಎ ಫಿಸ್ಟ್‌ಫುಲ್ ಆಫ್ ಡಾಲರ್ಸ್‌ನಲ್ಲಿ ನಟಿಸಿ ಬಂದ. ಅದು 1964ರಲ್ಲಿ ತೆರೆಕಂಡಿತು. ಲಿಯೋನೆಯ ಸಿನಿಮಾಗಳ ಗಾಳಿ ಶೋಲೆಗೂ ಬೀಸಿತು. ಶೋಲೆ ಚಿತ್ರೀಕರಣವಾದದ್ದು ನಮ್ಮ ರಾಮನಗರದ ಬಂಡೆಗಳ ನಡುವೆ. ಗನ್‌ಸ್ಮೋಕ್‌ನ ಕೊನೆಯ ಎಪಿಸೋಡ್ 1975ರ ಮಾರ್ಚ್ 31ಕ್ಕೆ, ಶೋಲೆ ಬಿಡುಗಡೆ ಅದೇ ವರ್ಷ ಆಗಸ್ಟ್ 15ಕ್ಕೆ. ರಾಮನಗರದ ಬೆಟ್ಟ ನೋಡಿದಾಗಲೆಲ್ಲ ನನಗೆ ಈ ಎರಡು ತಾರೀಖು ನೆನಪಾಗುತ್ತವೆ.

ಬೊನಾಂಜಾಗೆ ಈಗ ಬನ್ನಿ. 1959ರಿಂದ 1973ರವರೆಗೆ, ಶುರುವಿನಿಂದಲೇ ಬಣ್ಣದಲ್ಲಿ ಬಂದದ್ದು. ಎನ್‌ಬಿಸಿ ಚಾನೆಲ್‌ನ ಒಡೆತನ ಆಗ ಆರ್‌ಸಿಎ ಕಂಪನಿಯದ್ದು, ಆ ಕಂಪನಿ ಬಣ್ಣದ ಟೀವಿ ಮಾರುತ್ತಿತ್ತು. ಜನ ಬಣ್ಣದ ಟೀವಿ ಕೊಳ್ಳಬೇಕಾದರೆ ಅದರಲ್ಲಿ ನೋಡೋಕೆ ಏನಾದರೂ ಇರಬೇಕಲ್ವಾ? ಅಪ್ಪ ಬೆನ್ ಕಾರ್ಟ್‌ರೈಟ್, ಮೂವರು ಹೆಂಡತಿಯರಿಂದ ಮೂವರು ಗಂಡುಮಕ್ಕಳು. ಹೆಂಡತಿಯರು ಮೂವರೂ ತೀರಿಹೋಗಿದ್ದಾರೆ. ನೆವಾಡದಲ್ಲಿ, ಟಾಹೋ ಸರೋವರದ ದಡದ ದೊಡ್ಡ ಜಮೀನು. ಇದು ಕೂಡುಕುಟುಂಬದ ಕಥೆ, ಹಾಗಾಗಿ ನಮ್ಮವರಿಗೆ ಬೇಗ ಹತ್ತಿರವಾಗುತ್ತದೆ. ಒಂದು ಸಂಗತಿ ಗಮನಿಸಿ: ಶುರುವಿನ ವರ್ಷಗಳು ದಾಟಿದ ಮೇಲೆ ಅವರೆಲ್ಲ ಯಾವಾಗಲೂ ಅದೇ ಬಟ್ಟೆ ಹಾಕಿರುತ್ತಾರೆ. ಹಳೆಯ ಎಪಿಸೋಡಿನ ಕುದುರೆ ಸವಾರಿಯ ತುಣುಕನ್ನು ಹೊಸದಕ್ಕೆ ಅಂಟಿಸಿದರೂ ಗೊತ್ತಾಗಬಾರದು ಅಂತ.

ಮ್ಯಾವರಿಕ್ ನಗು ಬೇಕಾದವರಿಗೆ. ಜೇಮ್ಸ್ ಗಾರ್ನರ್ ಆಡುವ ಇಸ್ಪೀಟುಗಾರ ಹೊಡೆದಾಟ ಬಂದರೆ ಹಿಂಬಾಗಿಲು ಹುಡುಕುತ್ತಾನೆ.

ಹೆಜ್ಜೆ 6: ಕೆಲವು ಮಾತುಗಳ ಹಿಂದಿನ ವ್ಯವಸ್ಥೆ ತಿಳಿದುಕೊಳ್ಳಿ

ಮಾರ್ಷಲ್, ಶೆರಿಫ್ ಒಂದೇ ಅಲ್ಲ. ಶೆರಿಫ್ ಕೌಂಟಿಯ (ನಮ್ಮ ಜಿಲ್ಲೆಯ ಥರದ್ದು) ಜನ ಓಟು ಹಾಕಿ ಆರಿಸಿದವನು. ಮ್ಯಾಟ್ ಡಿಲನ್ ಯು.ಎಸ್. ಮಾರ್ಷಲ್, ಅಂದರೆ ಕೇಂದ್ರ ಸರ್ಕಾರ ನೇಮಿಸಿದವನು. ಊರಿನ ದೊಡ್ಡ ಮನುಷ್ಯರು ಒತ್ತಡ ಹಾಕಿದಾಗ ಇವರಿಬ್ಬರ ಕಷ್ಟ ಬೇರೆ ಬೇರೆ. ಶೆರಿಫ್‌ಗೆ ಮುಂದಿನ ಚುನಾವಣೆಯ ಭಯ ಇರುತ್ತದೆ.

ಹೋಮ್‌ಸ್ಟೆಡರ್ ಅಂದರೆ 1862ರ ಕಾಯ್ದೆಯಂತೆ 160 ಎಕರೆ ಸರ್ಕಾರಿ ಜಮೀನಿಗೆ ಅರ್ಜಿ ಹಾಕಿ, ಐದು ವರ್ಷ ಅಲ್ಲೇ ಇದ್ದು ಉತ್ತು ಬೆಳೆದು ತನ್ನದು ಮಾಡಿಕೊಳ್ಳುವ ರೈತ. ಅವನು ಬೇಲಿ ಹಾಕುತ್ತಾನೆ. ದನದ ದಣಿಗೆ ಬೇಲಿ ಬೇಡ, ಬಯಲು ಬೇಕು, ಹಳ್ಳದ ನೀರು ಬೇಕು. ಅರ್ಧಕ್ಕರ್ಧ ಕಥೆಗಳ ಜಗಳ ಇದೇ. ಯಾರು ಒಳ್ಳೆಯವರು ಅಂತ ಮೊದಲೇ ತೀರ್ಮಾನಿಸಬೇಡಿ. ಒಳ್ಳೆಯ ಎಪಿಸೋಡಿನಲ್ಲಿ ಇಬ್ಬರಿಗೂ ಅವರವರ ನ್ಯಾಯ ಇರುತ್ತದೆ.

ಇನ್ನು ನಡುಬೀದಿಯ ಬಂದೂಕಿನ ಪಂದ್ಯ. ನಿಜವಾದ ಡಾಡ್ಜ್ ಸಿಟಿಯಲ್ಲಿ ಊರೊಳಗೆ ಬಂದೂಕು ಇಟ್ಟುಕೊಂಡು ತಿರುಗುವುದಕ್ಕೆ ನಿಷೇಧ ಇತ್ತು. 1870ರ ದಶಕದ ಕೊನೆಯ ಒಂದು ಫೋಟೋದಲ್ಲಿ ಆ ನಿಷೇಧದ ಬೋರ್ಡು ಬೀದಿಯ ಮಧ್ಯದಲ್ಲೇ ಕಾಣುತ್ತದೆ. ಇದನ್ನು ತಿಳಿದುಕೊಂಡು ನೋಡಿದರೆ, ಮ್ಯಾಟ್ ಡಿಲನ್ ಯಾರಿಗಾದರೂ ಬಂದೂಕು ಬಿಚ್ಚಿಡು ಅನ್ನುವ ದೃಶ್ಯಗಳು ಗುಂಡಿನ ದೃಶ್ಯಗಳಿಗಿಂತ ನಿಜಕ್ಕೆ ಹತ್ತಿರ ಅಂತ ಗೊತ್ತಾಗುತ್ತದೆ.

ಹೆಜ್ಜೆ 7: ಏನನ್ನು ತೋರಿಸಿಲ್ಲ ಅಂತ ಕೇಳಿ

ಈ ಹೆಜ್ಜೆಯನ್ನು ದಾಟಿ ಹೋಗಬೇಡಿ. ನಾನು ಈ ಸೀರಿಯಲ್‌ಗಳನ್ನು ಪ್ರೀತಿಸುತ್ತೇನೆ, ಆದ್ದರಿಂದಲೇ ಇದನ್ನು ಹೇಳಬೇಕು.

ಅಲ್ಲಿ ಬರುವ ಮೂಲನಿವಾಸಿಗಳ ಪಾತ್ರಗಳನ್ನು ಹೆಚ್ಚಾಗಿ ಬಿಳಿಯ ನಟರೇ ಬಣ್ಣ ಬಳಿದುಕೊಂಡು ಮಾಡಿದ್ದಾರೆ. ಅವರ ನೆಲ ಹೋಗಿ ಆ ಊರುಗಳೆದ್ದವು ಅನ್ನುವುದು ಬಹಳಷ್ಟು ಕಥೆಗಳಿಗೆ ನೆನಪೇ ಇರುವುದಿಲ್ಲ. ಲೋನ್ ರೇಂಜರ್ ಎಂಬ ಸೀರಿಯಲ್‌ನಲ್ಲಿ ನಾಯಕನ ಜೊತೆಗಾರ ಟಾಂಟೋ ಆಗಿ ಬಂದ ಜೇ ಸಿಲ್ವರ್‌ಹೀಲ್ಸ್ ಮೊಹಾಕ್ ಜನಾಂಗದವರು, ಕೆನಡಾದ ಸಿಕ್ಸ್ ನೇಷನ್ಸ್ ಎಂಬಲ್ಲಿ ಹುಟ್ಟಿದವರು. ಅಂಥವರು ಬೆರಳೆಣಿಕೆ. ಅವರ ಬಾಯಲ್ಲೂ ಮುರುಕು ಇಂಗ್ಲಿಷನ್ನೇ ಆಡಿಸಿದರು.

ಚೀನಾದಿಂದ ಬಂದ ಸಾವಿರಾರು ಕೂಲಿಗಳು ಪಶ್ಚಿಮದ ರೈಲುಮಾರ್ಗ ಕಟ್ಟಿದವರು. ಸೀರಿಯಲ್‌ಗಳಲ್ಲಿ ಅವರು ಅಡುಗೆಯವರು, ಹೋಟೆಲ್ ಹುಡುಗರು. ಪಲಡಿನ್‌ನ ಹೋಟೆಲ್‌ನಲ್ಲಿ ಕೆಲಸ ಮಾಡುವ ಚೀನೀಯನಿಗೆ ಎಲ್ಲರೂ ಕರೆಯುವ ಹೆಸರು ಹೇ ಬಾಯ್. ಅಷ್ಟು ಬುದ್ಧಿವಂತ ಸೀರಿಯಲ್, ಆದರೂ ಆ ಹೆಸರು. ಪ್ರತಿ ಸಲ ಕೇಳಿದಾಗಲೂ ನನಗೆ ಚುಚ್ಚುತ್ತದೆ.

ಇತಿಹಾಸಕಾರರು ಸಾಮಾನ್ಯವಾಗಿ ಕೊಡುವ ಅಂದಾಜಿನಂತೆ ನಾಲ್ವರು ಕೌಬಾಯ್‌ಗಳಲ್ಲಿ ಒಬ್ಬ ಕಪ್ಪು ಜನಾಂಗದವನು. ಟೀವಿ ನೋಡಿದರೆ ಹಾಗೆ ಅನಿಸುವುದೇ ಇಲ್ಲ. ರಾಹೈಡ್‌ನಲ್ಲಿ ರೇಮಂಡ್ ಸೇಂಟ್ ಜಾಕ್ಸ್ ಎಂಬ ಕಪ್ಪು ನಟನಿಗೆ ಕಾಯಂ ಪಾತ್ರ ಸಿಕ್ಕಿದ್ದು ಕೊನೆಯ ಸೀಸನ್‌ನಲ್ಲಿ, 1965ರಲ್ಲಿ. ಇನ್ನು ಹಗ್ಗ ಬೀಸಿ ದನ ಹಿಡಿಯುವ ಇಡೀ ಕಲೆ ಮೆಕ್ಸಿಕೋದ ದನಗಾಹಿಗಳದ್ದು. ಲಾಸೋ, ರ್‍ಯಾಂಚ್, ರೋಡಿಯೋ ಎಲ್ಲವೂ ಸ್ಪ್ಯಾನಿಷ್ ಮೂಲದ ಮಾತುಗಳೇ.

ಮಕ್ಕಳ ಜೊತೆ ನೋಡುವಾಗ ಈ ವಿಷಯ ಬಂದಲ್ಲಿ ನಿಲ್ಲಿಸಿ ಹೇಳಿ. ಭಾಷಣ ಬೇಡ, ಎರಡು ಮಾತು ಸಾಕು. ಬ್ಯಾಸ್ ರೀವ್ಸ್ ಬಗ್ಗೆ ಹೇಳಿ. ಗುಲಾಮನಾಗಿ ಹುಟ್ಟಿ, ಮುಂದೆ ಈಗಿನ ಒಕ್ಲಹೋಮಾ ಸೀಮೆಯಲ್ಲಿ ಡೆಪ್ಯುಟಿ ಯು.ಎಸ್. ಮಾರ್ಷಲ್ ಆಗಿ ದಶಕಗಳ ಕಾಲ ಕೆಲಸ ಮಾಡಿದ ಕಪ್ಪು ಮನುಷ್ಯ. ಮ್ಯಾಟ್ ಡಿಲನ್ ಕಲ್ಪನೆಯವನು, ರೀವ್ಸ್ ನಿಜಕ್ಕೂ ಇದ್ದವನು.

ಹೆಜ್ಜೆ 8: ಹಿರಿಯರ ಜೊತೆ ಕೂತು ನೋಡಿ

ಪರದೇಶದಲ್ಲಿರುವ ನಮ್ಮವರಿಗೆ ಈ ಹೆಜ್ಜೆ. ಆರು ತಿಂಗಳಿಗೆ ಬಂದ ಅಪ್ಪ-ಅಮ್ಮನಿಗೆ ದಿನ ಹೋಗುವುದಿಲ್ಲ ಅನ್ನುವುದು ನಮ್ಮ ಎಲ್ಲರ ಮನೆಯ ಮಾತು. ಕನ್ನಡ ಚಾನೆಲ್ ಹಾಕಿಕೊಡುತ್ತೇವೆ, ಒಳ್ಳೆಯದೇ. ಆದರೆ ಮಧ್ಯಾಹ್ನ ಒಂದು ಗಂಟೆ ಇದನ್ನೂ ಹಾಕಿ ನೋಡಿ. ಈ ಕಥೆಗಳಲ್ಲಿ ಮಾತು ನಿಧಾನ, ಮುಖ ದೊಡ್ಡದು, ಒಂದೇ ಎಪಿಸೋಡಿನಲ್ಲಿ ಕಥೆ ಮುಗಿಯುತ್ತದೆ. ನಿನ್ನೆ ಏನಾಯಿತು ಅಂತ ನೆನಪಿಡಬೇಕಿಲ್ಲ. ಭಾಷೆ ಅಡ್ಡ ಬರುವುದಿಲ್ಲ.

ಮೊದಲ ಎರಡು ದಿನ ಪಕ್ಕದಲ್ಲಿ ಕೂತು ಯಾರು ಯಾರು ಅಂತ ಹೇಳಿ. ಮೂರನೇ ದಿನ ಸುಮ್ನಿರಿ. ಪ್ರತಿ ಮಾತನ್ನೂ ಅನುವಾದ ಮಾಡೋಕೆ ಹೋದರೆ ಅವರಿಗೆ ಕಿರಿಕಿರಿ. ಅವರೇ ಕೇಳಿದರೆ ಹೇಳಿ. ಕೇಳದಿದ್ದರೆ, ಮುಗಿದ ಮೇಲೆ ಏನಾಯಿತು ಅಂತ ನೀವೇ ಅವರನ್ನು ಕೇಳಿ.

ಅಪ್ಪ ಊರಿಗೆ ಹೊರಡುವ ಹಿಂದಿನ ದಿನ ಸೂಟ್‌ಕೇಸ್ ತೂಕ ಹಾಕುತ್ತಿದ್ದೆವು. ಇಪ್ಪತ್ತಮೂರು ಕೆಜಿಗೆ ಅರ್ಧ ಕೆಜಿ ಜಾಸ್ತಿ. ಅಮ್ಮ ಬಾದಾಮಿ ಪ್ಯಾಕೆಟ್ ಒಂದನ್ನು ತೆಗೆದಿಟ್ಟರು. ಅಪ್ಪ ಏನನ್ನೂ ತೆಗೆಯಲು ಒಪ್ಪಲಿಲ್ಲ. ಬಟ್ಟೆಗಳ ನಡುವೆ ಗನ್‌ಸ್ಮೋಕ್ ಮೊದಲ ಸೀಸನ್‌ನ ಡಿವಿಡಿ ಡಬ್ಬ ಇತ್ತು. ಊರಲ್ಲಿ ಪ್ಲೇಯರ್ ಇನ್ನೂ ಓಡುತ್ತಾ ಅಂತ ಕೇಳಿದೆ. "ಓಡದಿದ್ರೆ ರಿಪೇರಿ ಮಾಡಿಸ್ತೀನಿ" ಅಂದರು. ಈಗ ಭಾನುವಾರ ಫೋನ್ ಮಾಡಿದಾಗ ಯಾವ ಎಪಿಸೋಡ್ ಅಂತ ನಂಬರ್ ಹೇಳುತ್ತಾರೆ. ನಾನು ಇಲ್ಲಿ ಅದನ್ನೇ ಹಾಕಿಕೊಂಡು ನೋಡುತ್ತೇನೆ.